ಹ್ಯಾರಿಯೆಟ್ ಮುತ್ತಜ್ಜಿಯ ನಾಲ್ಕನೆಯ ಹಾಳೆ

"ಕಂಡದ್ದನ್ನು ಟೈಪ್ ಮಾಡು. ತಲೆ ಓಡಿಸಬೇಡ, ಅದು ನಿನ್ನ ಕೆಲಸವಲ್ಲ," ಎಂದು ಪೆಂಬರ್ಟನ್ ಸಾಹೇಬರು ಹಳದಿಗಟ್ಟಿದ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಎಸೆದರು.

ಆಲ್ಫೋನ್ಸ್ ಎಂದಿನಂತೆ ಅವರ ಎಡಗಡೆ, ಕುರ್ಚಿಗಿಂತ ಅರ್ಧ ಹೆಜ್ಜೆ ಹಿಂದೆ ನಿಂತಿದ್ದ. ಬಹರೈನಿನ ಮನಾಮದ ಆ ಕಚೇರಿಯಲ್ಲಿ ಟೈಪಿಸ್ಟನ ಜಾಗ ಅದೇ. ಎರಡೂವರೆ ವರ್ಷಗಳಿಂದ ಅವನು ನೋಡುತ್ತ ಬಂದದ್ದು ಸಾಹೇಬರ ಎಡಗಿವಿಯನ್ನು, ಮತ್ತು ಅವರು 'ಆಗದು' ಎಂದು ತಲೆಯಾಡಿಸುವ ಚೆಂದವನ್ನು. ಕುಟುಂಬ ವೀಸಾದ ಅರ್ಜಿಗೆ ಅವರದೊಂದು ಸಹಿ ಬೇಕಿತ್ತು, ಅಷ್ಟೇ. ಅವನು ವಿಮಾನ ಹತ್ತುವಾಗ ಹೆಂಡತಿ ಬಸುರಿ. ಮಗಳಿಗೀಗ ಎರಡು ವರ್ಷ. ಅಪ್ಪ ಅವಳನ್ನು ಫೋಟೊದಲ್ಲಿ ಮಾತ್ರ ಕಂಡಿದ್ದ.

"ನಿಮ್ಮವರನ್ನೆಲ್ಲ ಕರೆಸಿದರೆ ಈ ದ್ವೀಪ ಮುಳುಗಿಹೋದೀತು," ಎಂಬುದು ಸಾಹೇಬರ ತಮಾಷೆ. ಅದಕ್ಕೆ ನಗುವುದೂ ಟೈಪಿಸ್ಟನ ಕೆಲಸದಲ್ಲೇ ಸೇರಿತ್ತು.

ಆ ಹಾಳೆಗಳು ಸಾಹೇಬರ ಮುತ್ತಜ್ಜಿ ಹ್ಯಾರಿಯೆಟ್ 1869ರಲ್ಲಿ ಬರೆದ ಉಯಿಲು. ಗಂಡನ ಜೊತೆ ಮಂಗಳೂರಿನಲ್ಲಿದ್ದು, ವಿಧವೆಯಾಗಿ, ಎಡ್ವರ್ಡ್ ಎಂಬ ಕೂಸಿನೊಂದಿಗೆ ಇಂಗ್ಲೆಂಡಿಗೆ ಮರಳಿದ ಮಹಾತಾಯಿ ಆಕೆ. ಎಡ್ವರ್ಡ್ ಎಂದರೆ ಸಾಹೇಬರ ಅಜ್ಜ. ಶುಕ್ರವಾರ ಕ್ಲಬ್ಬಿನಲ್ಲಿ ಉಯಿಲನ್ನು ಓದಿ, ತಮ್ಮ ರಕ್ತ ಎಷ್ಟು ಅಪ್ಪಟವೆಂದು ಲೋಕಕ್ಕೆ ಸಾರಬೇಕೆಂಬುದು ಸಾಹೇಬರ ಹಂಬಲ. ಆದರೇನು, ಪಾಪ, ಆ ಸುರುಳಿ ಸುರುಳಿ ಬರಹ ಅವರಿಗೇ ಓದಲು ಬಾರದು! ಆಲ್ಫೋನ್ಸನೂ ಮಂಗಳೂರಿನವನೇ; ಅವನ ಅಪ್ಪ ಊರಿನ ಇಗರ್ಜಿಯಲ್ಲಿ ಹಳೆಯ ಜ್ಞಾನಸ್ನಾನದ ದಾಖಲೆಗಳನ್ನು ನಕಲು ಮಾಡುತ್ತಿದ್ದವರು. ಅಂಥ ಬರಹ ಮಗನಿಗೆ ನೀರು ಕುಡಿದಷ್ಟು ಸುಲಭ.

ಮರುದಿನ ಟೈಪಾದ ಹಾಳೆಗಳು ಬಂದವು. ಬೆಳ್ಳಿಯ ಚಮಚಗಳು ತಂಗಿಯ ಮಗಳಿಗೆ, ಗಡಿಯಾರ ಮೈದುನನಿಗೆ, ಪಿಯಾನೊ ನಾದಿನಿಗೆ. ಸಾಹೇಬರು ತಲೆದೂಗುತ್ತ ಓದಿದರು. ನಾಲ್ಕನೆಯ ಹಾಳೆಗೆ ಬಂದಾಗ ತೂಗುತ್ತಿದ್ದ ತಲೆ ನಿಂತಿತು.

'ನನಗೆ ಮಕ್ಕಳಾಗಲಿಲ್ಲ. ಮಗನೆಂದು ಸಾಕಿದ ಎಡ್ವರ್ಡ್, ಮಂಗಳೂರಿನ ನಮ್ಮ ಆಯಾ ಮ್ಯಾಗ್ಡಲಿನಳ ಕೂಸು. ಎಡಗಿವಿಯ ಹಿಂದಿನ ಮಚ್ಚೆ ಅವನಿಗೆ ತಾಯಿಯಿಂದ ಬಂದದ್ದು.'

ಸಾಹೇಬರ ಕೈ ತಾನಾಗಿ ಎಡಗಿವಿಯ ಹಿಂದಕ್ಕೆ ಹೋಯಿತು.

"ಇದು... ಹೀಗೇ ಇದೆಯಾ?"

"ಬೇರೆ ಯಾರಿಗಾದರೂ ತೋರಿಸಿ ಕೇಳಬಹುದು ಸರ್. ಕ್ಲಬ್ಬಿನಲ್ಲಿ ಓದಬಲ್ಲವರು ಇದ್ದಾರು."

ಸಾಹೇಬರು ಬಾಗಿಲಿಗೆ ಚಿಲಕ ಹಾಕಿ, ಹಳೆಯ ಹಾಳೆಯ ಮೇಲೆ ಭೂತಗನ್ನಡಿ ಹಿಡಿದರು. ಎಲ್ಲೋ ಒಂದು 'ಎಮ್' ಅಕ್ಷರ ಕಂಡಿತಂತೆ. ಅಷ್ಟು ಸಾಕಾಯಿತು. ನಾಲ್ಕನೆಯ ಹಾಳೆಯನ್ನೂ ಅದರ ನಕಲನ್ನೂ ತಮ್ಮ ಕೈಯಾರೆ ಹರಿದು, ಸಿಗರೇಟಿನ ಬೂದಿಬಟ್ಟಲಲ್ಲಿ ಸುಟ್ಟರು.

"ನೀನು ಏನನ್ನೂ ಓದಿಲ್ಲ."

"ಇಲ್ಲ ಸರ್. ನಮ್ಮೂರ ಸಂಬಂಧಿಕರ ವಿಷಯ ನಾನು ಹೊರಗೆ ಆಡುವವನಲ್ಲ."

ಹೀಗೆಂದು ವೀಸಾದ ಅರ್ಜಿಯನ್ನು ಮುಂದಿಟ್ಟ. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ, ಹೆಂಡತಿಯ ಹೆಸರಿದ್ದ ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದ. ಎಷ್ಟಾದರೂ ಜಾಗರೂಕ ನೌಕರ. ಸಾಹೇಬರು ಅವನ ಮುಖ ನೋಡದೆ ಸಹಿ ಗೀಚಿದರು.

ಎರಡು ತಿಂಗಳ ಮೇಲೆ, ಮನಾಮದ ಮಾಹೂಝ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಮಗಳು ಅಪ್ಪನ ಮೀಸೆ ಹಿಡಿದು ಎಳೆದಳು. ಆಲ್ಫೋನ್ಸನಿಗೆ ನೋವಾಗಲಿಲ್ಲ, ಕಣ್ಣು ಮಾತ್ರ ತುಂಬಿ ಬಂತು. ಹೆಂಡತಿ ಪೆಟ್ಟಿಗೆಯಿಂದ ಹಪ್ಪಳದ ಕಟ್ಟು ತೆಗೆದಿಡುತ್ತ ಕೇಳಿದಳು:

"ಅಲ್ಲ ಮಾರಾಯ್ರೆ, ಸಾಹೇಬ್ರು ಅಷ್ಟು ಹೆದರಿ ಸುಟ್ಟುಹಾಕಿದ್ರಲ್ಲ, ಆ ಹಳೇ ಹಾಳೆಯಲ್ಲಿ ಅಜ್ಜಿ ಎಂತ ಬರ್ದಿದ್ರು?"

"ಎಂತದ್ದೂ ಇಲ್ಲ, ಮ್ಯಾಗ್ಡಲಿನ್. ತನ್ನ ಮುದಿ ನಾಯಿಗೆ ದಿನಾ ಹಾಲು ಹಾಕ್ಬೇಕಂತೆ."