ನಾಲ್ಕು ಬೆರಳು ಕಡಿಮೆ

"ಇವತ್ತು ನನ್ನ ಕಣ್ಣೆದುರಿಗೇ ಅಳೆಯಪ್ಪ," ಎಂದು ಗುಂಡರ್ ತನ್ನ ಸೀಮೆಎಣ್ಣೆ ಡಬ್ಬಿಯನ್ನು ಆರ್ವಿಡ್‌ನ ಎಣ್ಣೆಯ ಕುದುರೆಗಾಡಿಯ ಮುಂದೆ ತಂದು ಕುಕ್ಕಿದ. ಡಬ್ಬಿಯ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಹೊಸ ಗೀರು ಇತ್ತು. ಭಾನುವಾರ ಚರ್ಚಿನಿಂದ ಬಂದವನೇ ನೀರು ಅಳೆದು ಸುರಿದು, ಐದು ಗ್ಯಾಲನ್ ಎಂದರೆ ಇಲ್ಲಿಯವರೆಗೆ ಬರಬೇಕು ಎಂದು ಗುರುತು ಮಾಡಿದ್ದನಂತೆ.

ಆಸಾಮಿ ಭಾರಿ ಲೆಕ್ಕಾಚಾರದವನು. ತಿಂಗಳು ಬರಬೇಕಾದ ಎಣ್ಣೆ ಇಪ್ಪತ್ಮೂರೇ ದಿನಕ್ಕೆ ಮುಗಿಯುತ್ತಿದೆ, ಎಂಟಕ್ಕೆಲ್ಲ ದೀಪ ಆರಿಸಿ ಮಲಗುವ ಮನೆ ತನ್ನದು, ಹಾಗಾದರೆ ಎಣ್ಣೆ ಎಲ್ಲಿ ಹೋಯಿತು ಎಂಬುದು ಅವನ ಪ್ರಶ್ನೆ. ಒಂದೋ ಗಾಡಿಯವನು ಕಡಿಮೆ ಅಳೆದಿರಬೇಕು, ಇಲ್ಲವೇ ಮನೆಯಲ್ಲಿ ಯಾರೋ ಉರಿಸಿರಬೇಕು. ಮನೆಯಲ್ಲಿ ಅವನನ್ನು ಬಿಟ್ಟರೆ ಇದ್ದವಳು ತಂಗಿ ಸಿಗ್ನೆ ಒಬ್ಬಳೇ.

"ಅವಳೇ ಉರಿಸ್ತಿದ್ರೆ ಇವತ್ತಿಂದ ದೀಪ ನನ್ನ ಮಂಚದ ಕೆಳಗೆ," ಎಂದ. "ನೀನಾಗಿದ್ರೆ ಅದೂ ಗೊತ್ತಾಗ್ಲಿ. ಸ್ವೀಡನ್ನಿನವ್ರಿಗೆ ಐದರವರೆಗೆ ಎಣಿಸೋಕೆ ಬರಲ್ಲ ಅಂತ ನಮ್ಮ ನಾರ್ವೆಯವ್ರು ಸುಮ್ಮನೆ ಹೇಳ್ತಾರಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಿಗ್ನೆಯ ಮುಖ ಬಿಳಿಚಿಕೊಂಡಿತು. ಎಣ್ಣೆ ಎಲ್ಲಿ ಹೋಯಿತೆಂದು ಆರ್ವಿಡ್‌ಗೆ ಗೊತ್ತಿಲ್ಲದ್ದೇನಲ್ಲ. ರಾತ್ರಿ ಓದಲೆಂದು ಅವಳಿಗೆ ಗಣಿತ, ವ್ಯಾಕರಣದ ಪುಸ್ತಕಗಳನ್ನು ಪೇಟೆಯಿಂದ ಸೀಟಿನ ಕೆಳಗೆ ಬಚ್ಚಿಟ್ಟು ತಂದುಕೊಟ್ಟವನೇ ಅವನು. ಬರುವ ಶನಿವಾರ ಉಪಾಧ್ಯಾಯಿನಿಯರ ಪರೀಕ್ಷೆ. ಪಾಸಾದರೆ ಎಲ್ಲೋ ಒಂದು ಶಾಲೆ, ತನ್ನದೇ ಒಂದು ಕೋಣೆ. ಇಲ್ಲವಾದರೆ ಹನ್ನೆರಡು ವರ್ಷದಿಂದ ಹೇಗೋ ಹಾಗೇ, ಅಣ್ಣನ ಹಸು, ಅಣ್ಣನ ಒಲೆ. ಮೂವತ್ತೈದು ದಾಟಿದವಳಿಗೆ ಇನ್ನೊಂದು ಶನಿವಾರವನ್ನು ಯಾರು ಕೊಡುತ್ತಾರೆ?

ಆರ್ವಿಡ್ ತನ್ನ ಅಳತೆಪಾತ್ರೆಯನ್ನು ಟ್ಯಾಂಕಿನ ನಲ್ಲಿಗೆ ಹಿಡಿದ. ಸರ್ಕಾರಿ ಮುದ್ರೆ ಒತ್ತಿದ, ಐದು ಗ್ಯಾಲನ್ ಹಿಡಿಯುವ ಹಿತ್ತಾಳೆ ಪಾತ್ರೆ. ಅದನ್ನು ದಿನಾ ತಿಕ್ಕಿ ಥಳಥಳ ಇಟ್ಟುಕೊಳ್ಳುವ ಹುಚ್ಚು ಅವನಿಗೆ. ಅಮೆರಿಕದ ಡಕೋಟಾದ ಈ ಬಯಲಿನಲ್ಲಿ ಹನ್ನೊಂದು ವರ್ಷದಿಂದ ಗಾಡಿ ಹೊಡೆಯುತ್ತಿದ್ದಾನೆ, ಅವನ ಅಳತೆ ನೋಡಲೆಂದು ಒಬ್ಬರೂ ಹೊರಗೆ ಬಂದವರಲ್ಲ. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಹೊಲಕ್ಕೆ ಹೋಗಿಬಿಡುತ್ತಿದ್ದರು. ಅವನಿಗಿದ್ದ ಆಸ್ತಿ ಎಂದರೆ ಆ ನಂಬಿಕೆಯೇ. ಗುಂಡರ್ ಬಗ್ಗಿ ತನ್ನ ಗೀರನ್ನೇ ದಿಟ್ಟಿಸುತ್ತಿದ್ದ, ಹಿತ್ತಾಳೆ ಪಾತ್ರೆಯ ಕಡೆ ಅವನ ಗಮನವಿರಲಿಲ್ಲ. ಪಾತ್ರೆ ತುಂಬುವ ಮೊದಲೇ ಆರ್ವಿಡ್ ನಲ್ಲಿ ಮುಚ್ಚಿಬಿಟ್ಟ. ಡಬ್ಬಿಗೆ ಸುರಿದಾಗ ಎಣ್ಣೆ ಗೀರಿಗಿಂತ ನಾಲ್ಕು ಬೆರಳು ಕೆಳಗೇ ನಿಂತಿತು.

ಗುಂಡರ್ ಸೊಂಟ ನೆಟ್ಟಗೆ ಮಾಡಿ ಅವನ ಮುಖ ನೋಡಿದ. "ಥೂ, ನೀನೂ ಹೀಗಾ?"

ಬೈಗುಳಕ್ಕಿಂತ ಅದರಲ್ಲಿ ಬೇಸರವೇ ಹೆಚ್ಚಿತ್ತು, ಅದೇ ಆರ್ವಿಡ್‌ಗೆ ಚುಚ್ಚಿದ್ದು. ತಪ್ಪಾಯಿತು ಎಂದು ತಲೆ ತಗ್ಗಿಸಿ ಕೊರತೆಯನ್ನು ತುಂಬಿಕೊಟ್ಟ. ಎಣ್ಣೆ ಕಂಪನಿಗೆ ಬರೆಯುವುದಿಲ್ಲ, ಆದರೆ ಚರ್ಚಿನಲ್ಲಿ ನಾಲ್ಕು ಜನಕ್ಕೆ ಹೇಳದೆ ಬಿಡುವುದಿಲ್ಲ ಎಂದು ಗುಂಡರ್ ಕೊಟ್ಟಿಗೆಯ ಕಡೆ ನಡೆದ.

ಸಿಗ್ನೆ ಕಾಫಿ ತಂದಳು. ಕೊಟ್ಟಿಗೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಯಾಕೆ ಹೀಗೆ ಮಾಡಿದ್ರಿ?"

"ಶನಿವಾರ ಚೆನ್ನಾಗಿ ಬರೀರಿ, ಸಾಕು," ಎಂದ ಆರ್ವಿಡ್. ಪಾಸಾದರೆ ಈ ಬಾಗಿಲಲ್ಲಿ ಅವಳು ಮತ್ತೆ ಕಾಣುವುದಿಲ್ಲವಲ್ಲ ಎಂಬ ಸಂಕಟ ಬೇರೆ ಇತ್ತು.

ಗುಂಡರ್ ಮಾತು ಉಳಿಸಿಕೊಂಡ. ಮುಂದಿನ ಸುತ್ತಿನಲ್ಲಿ ಒಂಬತ್ತು ಮನೆಗಳ ಡಬ್ಬಿಯಲ್ಲಿ ಮೊಳೆಯ ಗೀರು ಬಂದಿತ್ತು. ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಸಿಗ್ನೆ ಪಾಸಾದಳು. ಅಣ್ಣ ಕೂಗಾಡುತ್ತಿದ್ದಂತೆಯೇ ಟ್ರಂಕು ಎತ್ತಿಕೊಂಡು ನಲವತ್ತು ಮೈಲಿ ಆಚೆಯ ಶಾಲೆಗೆ ಹೊರಟುಹೋದಳು. ಆ ಕಡೆಗೆ ಎಣ್ಣೆ ಕೊಡುವವನು ಬೇರೆ.

ಅಕ್ಟೋಬರ್‌ನಲ್ಲಿ ಆರ್ವಿಡ್ ಬಂದಾಗ ಗುಂಡರ್ ತಾನೇ ಕಾಯಿಸಿದ ಕಹಿ ಕಾಫಿ ತಂದುಕೊಟ್ಟ. ಮುಖದಲ್ಲಿ ಗೆಲುವು ಕುಣಿಯುತ್ತಿತ್ತು. ತಿಂಗಳು ಕಳೆದರೂ ಡಬ್ಬಿಯಲ್ಲಿ ಇನ್ನೂ ಎಣ್ಣೆ ಉಳಿದಿದೆ ಎಂದು ಅಲ್ಲಾಡಿಸಿ ತೋರಿಸಿದ.

"ಇನ್ಮೇಲೆ ನಾನು ನೋಡೋಕೆ ನಿಲ್ಲಲ್ಲ, ನಂಬ್ತೀನಿ ಬಿಡು," ಎಂದು ಆರ್ವಿಡ್‌ನ ಬೆನ್ನು ತಟ್ಟಿದ. "ಅವತ್ತು ನಾನು ಹಿಡೀದೆ ಹೋಗಿದ್ರೆ ನೀನು ಸರಿಹೋಗ್ತಾನೇ ಇರ್ಲಿಲ್ಲ."