ಕೆಂಪು ಡಬ್ಬಿ, ನೀಲಿ ಡಬ್ಬಿ

ತ್ಸ್ವೆತಾನಾ ಅಜ್ಜಿ ಊದಿದ ಬೆರಳುಗಳಿಂದ ರಬ್ಬರ್ ಉಂಡೆಯನ್ನು ಹಿಸುಕಿದಳು. ಹಿಡಿತದ ಬಲ ಅಳೆಯುವ ಮುಳ್ಳು ಉಳಿದೆಲ್ಲರಿಗೂ ನಿಂತ ಜಾಗಕ್ಕೇ ಬಂದು ನಿಂತಿತು. ಡಾಕ್ಟರ್ ರುಮ್ಯಾನಾಳಿಗೆ ತಲೆಕೆಟ್ಟಿತು. ಹೋಲಿಸಿ ನೋಡಲೆಂದು ಊರಿನ ಸಂಧಿವಾತದವರಲ್ಲಿ ಅರ್ಧ ಜನಕ್ಕೆ ಕೆಂಪು ಡಬ್ಬಿಯ ಮಾತ್ರೆ, ಉಳಿದವರಿಗೆ ನೀಲಿ ಡಬ್ಬಿಯದು. ಯಾವುದು ಮೇಲೆಂದು ವರ್ಷವಾದರೂ ತಿಳಿಯುತ್ತಿಲ್ಲ.

"ನಿಮ್ಮ ಕೆಂಪು ಮಾತ್ರೆಗೆ ಹೊಟ್ಟೆ ಉರಿಯತ್ತಾ, ಅಜ್ಜಿ?"

"ದಿನ ಬಿಟ್ಟು ದಿನ ಉರಿಯತ್ತೆ, ಮಗಳೇ. ನೀಲಿ ನುಂಗಿದ ದಿನ ಏನೂ ಇಲ್ಲ."

ಬರೆದುಕೊಳ್ಳುತ್ತಿದ್ದ ರುಮ್ಯಾನಾಳ ಪೆನ್ನು ನಿಂತಿತು. "ನೀಲಿ ಯಾರು ಕೊಟ್ರು?"

"ಪಕ್ಕದ್ಮನೆ ಸ್ತೊಯಾಂಕಾ. ನಂದು ಅವಳಿಗೆ ಕೊಡ್ತೀನಿ. ಒಳ್ಳೇದು ಯಾವ್ದೋ ಏನೋ, ಒಬ್ಳೇ ತಿಂದ್ರೆ ಗಂಟಲಲ್ಲಿ ಇಳಿಯತ್ತಾ?"

ರುಮ್ಯಾನಾ ಎದ್ದು ಬಾಗಿಲು ತೆರೆದಳು. ಹೊರಗೆ ಬೆಂಚಿನ ಮೇಲೆ ಏಳು ಮಂದಿ ಹೆಂಗಸರು ಆಗಷ್ಟೇ ಪಡೆದ ಡಬ್ಬಿಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಕೆಂಪು ನೀಲಿ ಸಮಸಮ ಹಂಚಿಕೊಳ್ಳುತ್ತಿದ್ದರು.