ಅರ್ಧ ವಿಭೂತಿ

ಈಗ ಈ ಡಾಕ್ಟರೂ ‘ಬಾಯಿ ತೆಗೀರಿ’ ಅಂತಾನೆ ಎಂದುಕೊಂಡು ಕರಿಬಸಮ್ಮ ದವಡೆ ಬಿಗಿಹಿಡಿದು ಕೂತಿದ್ದಳು. ಬಲಗೆನ್ನೆಗೆ ಕರೆಂಟು ಹೊಡೆದಂಥ ನೋವು ಅಂತ ಹೋದರೆ ಗುಬ್ಬಿಯ ಹಲ್ಲಿನ ಡಾಕ್ಟರು ಒಂದು ಹಲ್ಲು ಕಿತ್ತಿದ್ದ, ಕುಣಿಗಲ್ಲಿನವನು ಅದರ ಪಕ್ಕದ್ದನ್ನೂ ಕಿತ್ತಿದ್ದ. ನೋವು ಮಾತ್ರ ಜಾಗ ಬಿಟ್ಟಿರಲಿಲ್ಲ. ತುಮಕೂರಿನ ಇವನನ್ನು ನಂಬುವುದು ಹೇಗೆ?

ಆದರೆ ಡಾಕ್ಟರು ಬಾಯಿ ನೋಡಲೇ ಇಲ್ಲ, ಹಣೆ ನೋಡಿದರು. ಮೂರೆಳೆ ವಿಭೂತಿ ಎಡಗಡೆಯಿಂದ ಹೊರಟು ನಡುಹಣೆಯಲ್ಲೇ ನಿಂತುಬಿಟ್ಟಿತ್ತು.

“ಬಲಗಡೆ ಯಾಕಮ್ಮ ಹಚ್ಚಿಲ್ಲ?”

“ನಾನೂ ಅದನ್ನೇ ಕೇಳ್ತಿರೋದು ಸಾರ್,” ಗಂಡ ರುದ್ರಯ್ಯ ಬಾಯಿ ಹಾಕಿದ. “ಅರ್ಧ ವಿಭೂತಿ ಯಾವ ಮಠದ ಪದ್ಧತಿ? ಎಲ್ಲಾ ನಾಟ್ಕ.”

“ಆ ಕಡೆ ಹಣೆಗೆ ಬೆರಳು ತಾಕಿದ್ರೂ ಜೀವ ಹೋಗುತ್ತೆ ಸಾರ್.”

ಡಾಕ್ಟರು ಪೆನ್ನು ಕೆಳಗಿಟ್ಟರು. “ನೋವು ಎಲ್ಲಿಗೆ ನಿಲ್ಲುತ್ತೆ ಅಂತ ನೀವೇ ಗೆರೆ ಎಳ್ಕೊಂಡು ಬಂದಿದೀರಲ್ಲಮ್ಮ! ಇದು ಮುಖದ ಒಂದೇ ಕಡೆಗೆ ಹೋಗೋ ನರದ ನೋವು, ಹಲ್ಲಿಂದಲ್ಲ. ಸ್ಕ್ಯಾನ್ ಮಾಡಿಸಿ ಖಾತ್ರಿ ಮಾಡ್ಕೊಳ್ಳೋಣ. ಇದಕ್ಕೆ ಮಾತ್ರೆ ಇದೆ.”

ರುದ್ರಯ್ಯ ಗೋಡೆ ನೋಡತೊಡಗಿದ. ಕರಿಬಸಮ್ಮನ ನಾಲಿಗೆ ದವಡೆಯ ಬೋಳು ಜಾಗವನ್ನು ಮೆಲ್ಲಗೆ ತಡವಿತು.

“ಹಂಗಾದ್ರೆ ನನ್ನ ಹಲ್ಲುಗಳು ಏನ್ ತಪ್ಪು ಮಾಡಿದ್ವು ಸಾರ್?”